ಥೆಸಲೋನಿಕದ ರಕ್ತ, ಮಿಲಾನಿನ ಕಣ್ಣೀರು

ಕ್ರಿ.ಶ. 390. ಏಜಿಯನ್ ಸಮುದ್ರದ ದಂಡೆಯ ಥೆಸಲೋನಿಕ ನಗರ ರಥಸ್ಪರ್ಧೆಗಾಗಿ ಕಾಯುತ್ತಿತ್ತು. ರೋಮ್ ಸಾಮ್ರಾಜ್ಯದ ದೊಡ್ಡ ಊರುಗಳಲ್ಲೆಲ್ಲ ರಥ ಓಡಿಸುವವನು ಜನರ ಕಣ್ಮಣಿ. ಆದರೆ ಈ ಊರಿನ ಅಚ್ಚುಮೆಚ್ಚಿನ ಸಾರಥಿ ಆಗ ಸೆರೆಯಲ್ಲಿದ್ದ. ಲೈಂಗಿಕ ದುರ್ವರ್ತನೆಯ ಆರೋಪದ ಮೇಲೆ ಸೇನಾಪತಿ ಬುಥೆರಿಕ್ ಅವನನ್ನು ಬಂಧಿಸಿದ್ದ. ಸ್ಪರ್ಧೆ ಹತ್ತಿರವಾದಾಗ ಅವನನ್ನು ಬಿಡಿ ಎಂದು ಜನ ಪಟ್ಟು ಹಿಡಿದರು. ಬುಥೆರಿಕ್ ಒಪ್ಪಲಿಲ್ಲ. ಗಲಭೆ ಎದ್ದಿತು, ಉದ್ರಿಕ್ತ ಗುಂಪು ಸೇನಾಪತಿಯನ್ನೇ ಕೊಂದುಹಾಕಿತು.

ಸುದ್ದಿ ಮಿಲಾನಿಗೆ ಮುಟ್ಟಿತು. ಚಕ್ರವರ್ತಿ ಥಿಯೊಡೋಸಿಯಸ್ ಆಗ ಅಲ್ಲಿ ಬೀಡುಬಿಟ್ಟಿದ್ದ. ಸಿಟ್ಟು ಅವನಿಗೆ ಹುಟ್ಟುಗುಣ. ಸುತ್ತಲಿದ್ದವರು ಅದಕ್ಕೆ ತುಪ್ಪ ಸುರಿದರು. ಊರಿಗೆ ಮರೆಯಲಾಗದ ಪಾಠ ಕಲಿಸಿ ಎಂಬ ಆಜ್ಞೆ ಹೊರಟಿತು. ಸಿಟ್ಟು ಇಳಿದ ಮೇಲೆ ಅವನು ಆಜ್ಞೆಯನ್ನು ಹಿಂತೆಗೆದುಕೊಂಡ. ಆದರೆ ಎರಡನೆಯ ಓಲೆ ತಲುಪುವಷ್ಟರಲ್ಲಿ ಮೊದಲನೆಯದು ತನ್ನ ಕೆಲಸ ಮುಗಿಸಿತ್ತು. ಆಟ ನೋಡಲು ಬನ್ನಿ ಎಂದು ಜನರನ್ನು ರಥದ ಅಂಗಳಕ್ಕೆ ಕರೆಸಿ, ಸುತ್ತುವರಿದು, ಸೈನಿಕರನ್ನು ಅವರ ಮೇಲೆ ಬಿಟ್ಟರೆಂದು ಆ ತಲೆಮಾರಿನ ಚರಿತ್ರೆಕಾರ ಅಕ್ವಿಲೇಯದ ರೂಫಿನಸ್ ಬರೆದಿದ್ದಾನೆ. ಗಲಭೆ ಮಾಡಿದವರು, ಮಾಡದವರು, ಅಂದು ವ್ಯಾಪಾರಕ್ಕೆಂದು ಊರಿಗೆ ಬಂದಿಳಿದವರು ಎಂಬ ಭೇದವಿಲ್ಲದೆ ಕೊಂದರು. ಸತ್ತವರು 7000 ಎಂಬುದು ಅರ್ಧ ಶತಮಾನದ ಬಳಿಕ ಬರೆದ ಥಿಯೊಡೊರೆಟ್ ಕೊಡುವ ಲೆಕ್ಕ. ತನ್ನ ಇಬ್ಬರು ಗಂಡುಮಕ್ಕಳ ಬದಲು ತನ್ನನ್ನು ಕೊಲ್ಲಿ ಎಂದು ಅಂಗಲಾಚಿದ ಒಬ್ಬ ತಂದೆಯ ಕಥೆಯನ್ನು ಚರಿತ್ರೆಕಾರ ಸೊಜೊಮೆನ್ ಹೇಳುತ್ತಾನೆ. ಒಬ್ಬನನ್ನು ಮಾತ್ರ ಬಿಡುತ್ತೇವೆ, ಯಾರೆಂದು ನೀನೇ ಹೇಳು ಎಂದರಂತೆ ಸೈನಿಕರು. ತಂದೆ ಅತ್ತ ಇತ್ತ ನೋಡುತ್ತಾ ಆರಿಸಲಾರದೆ ನಿಂತ. ಇಬ್ಬರೂ ಹತರಾದರು.

ಕೊಲೆಗಡುಕ ಅರಸರ ಕಥೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಥೆಸಲೋನಿಕದ ಕಥೆ ಬೇರೆಯಾಗುವುದು ಕೊಲೆಯ ನಂತರ ನಡೆದದ್ದರಿಂದ. ಆಯುಧವಿಲ್ಲದ ಒಬ್ಬ ಧರ್ಮಾಧ್ಯಕ್ಷ ಭೂಮಿಯ ಮೇಲಿನ ಅತ್ಯಂತ ಬಲಿಷ್ಠ ಮನುಷ್ಯನಿಗೆ ನೀನು ಪಾಪಿ ಎಂದು ಹೇಳಿದ. ಆ ಮನುಷ್ಯ ಹೌದು ಎಂದು ಒಪ್ಪಿ ಎಲ್ಲರೆದುರು ಅತ್ತ. ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ಕ್ರೈಸ್ತರು ಅರಸೊತ್ತಿಗೆಯನ್ನು ಯಾವ ಕಣ್ಣಿನಿಂದ ನೋಡಿದರು ಎಂಬುದನ್ನು ಮೊದಲಿನಿಂದ ನೋಡಬೇಕು.

ದೇವರಲ್ಲದ ಅರಸ

ರಾಜ ಪ್ರತ್ಯಕ್ಷ ದೇವತೆ ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ರೋಮಿನಲ್ಲಿ ಅದು ಬರಿಯ ಮಾತಾಗಿರಲಿಲ್ಲ, ಆಡಳಿತದ ಭಾಗವೇ ಆಗಿತ್ತು. ಚಕ್ರವರ್ತಿಗಳಿಗೆ ಗುಡಿಗಳಿದ್ದವು, ಅರ್ಚಕರಿದ್ದರು, ಅವರ ಪ್ರತಿಮೆಗಳ ಮುಂದೆ ಧೂಪ ಹಾಕುವುದು ರಾಜನಿಷ್ಠೆಯ ಗುರುತಾಗಿತ್ತು. ಕ್ರೈಸ್ತರು ತಡೆದು ನಿಂತದ್ದು ಅಲ್ಲಿಯೇ. ಚಕ್ರವರ್ತಿಗಾಗಿ ಪ್ರಾರ್ಥಿಸುತ್ತೇವೆ, ಚಕ್ರವರ್ತಿಯನ್ನು ಪ್ರಾರ್ಥಿಸುವುದಿಲ್ಲ ಎಂಬುದು ಅವರ ನಿಲುವು. ಈ ಸಣ್ಣ ಅಂತರಕ್ಕಾಗಿ ಎರಡನೆಯ ಶತಮಾನದಲ್ಲಿ ಸ್ಮಿರ್ನದ ವೃದ್ಧ ಧರ್ಮಾಧ್ಯಕ್ಷ ಪಾಲಿಕಾರ್ಪ್ ಪ್ರಾಣ ಕೊಟ್ಟ. ಅದೇ ಅಂತರವನ್ನು ಕಾರ್ತೇಜಿನ ತೆರ್ತುಲಿಯನ್ ವಕೀಲನ ನಿಷ್ಠುರತೆಯಿಂದ ವಿವರಿಸಿದ: ಚಕ್ರವರ್ತಿಗಿಂತ ಮೇಲೆ ದೇವರೊಬ್ಬನೇ ಇದ್ದಾನೆ. ಹಾಗಾಗಿ ಅವನ ಸ್ಥಾನ ದೊಡ್ಡದು. ಹಾಗಾಗಿಯೇ ಅವನು ದೇವರಲ್ಲ.

ಈ ನಿಲುವಿನ ಬೇರುಗಳು ಬೈಬಲಿನಲ್ಲಿವೆ. ನಮಗೂ ಇತರ ಜನಾಂಗಗಳಂತೆ ಒಬ್ಬ ಅರಸ ಬೇಕೆಂದು ಇಸ್ರಾಯೇಲರು ಕೇಳಿದಾಗ ಪ್ರವಾದಿ ಸಮುವೇಲ ಎಚ್ಚರಿಸಿದ್ದು ಕಟುವಾಗಿತ್ತು. ಅವನು ನಿಮ್ಮ ಗಂಡುಮಕ್ಕಳನ್ನು ಯುದ್ಧಕ್ಕೆ ಒಯ್ಯುತ್ತಾನೆ, ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಒಯ್ಯುತ್ತಾನೆ, ಒಳ್ಳೆಯ ಹೊಲಗಳನ್ನು ತನ್ನವರಿಗೆ ಹಂಚುತ್ತಾನೆ. ಆಮೇಲೆ ಬಂದ ದಾವೀದ ದೇವರ ಮೆಚ್ಚಿನ ಅರಸ. ಅವನೂ ಬತ್ಷೆಬೆಯ ಮೋಹಕ್ಕೆ ಬಿದ್ದು ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ನೂಕಿ ಕೊಲ್ಲಿಸಿದ. ಆಗ ಪ್ರವಾದಿ ನಾತಾನ ಅರಮನೆಗೆ ಬಂದು, ಬಡವನ ಒಂದೇ ಕುರಿಮರಿಯನ್ನು ಕಸಿದುಕೊಂಡ ಸಿರಿವಂತನ ಕಥೆ ಹೇಳಿ, ಆ ಮನುಷ್ಯ ನೀನೇ ಎಂದು ದಾವೀದನ ಮುಖಕ್ಕೇ ನುಡಿದ. ದಾವೀದ ತಲೆ ತಗ್ಗಿಸಿದ. ಹೊಸ ಒಡಂಬಡಿಕೆಗೆ ಬಂದರೆ, ಸಂಕೋಲೆಯಲ್ಲಿದ್ದ ಯೇಸು ರೋಮಿನ ರಾಜ್ಯಪಾಲ ಪಿಲಾತನೆದುರು ತನ್ನ ರಾಜ್ಯ ಈ ಲೋಕದ್ದಲ್ಲ ಎಂದ. ಪಿಲಾತನ ಕೈಯಲ್ಲಿದ್ದ ಅಧಿಕಾರ ಮೇಲಿನಿಂದ ಕೊಡಲ್ಪಟ್ಟದ್ದು ಎಂದೂ ನೆನಪಿಸಿದ. ಆಳುವವರಿಗೆ ವಿಧೇಯರಾಗಿರಿ ಎಂದು ಪೌಲ ರೋಮಿನವರಿಗೆ ಬರೆದರೆ, ಪ್ರಕಟನೆ ಗ್ರಂಥ ಅದೇ ರೋಮನ್ನು ಸಂತರ ರಕ್ತ ಕುಡಿದು ಮತ್ತೇರಿದವಳೆಂದು ಚಿತ್ರಿಸಿತು. ಅಧಿಕಾರ ದೇವರಿಂದ ಬಂದದ್ದು, ಆದ್ದರಿಂದಲೇ ಲೆಕ್ಕ ಒಪ್ಪಿಸಬೇಕಾದದ್ದು: ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ಕ್ರೈಸ್ತ ಚಿಂತನೆಯ ಕಠಿಣ ಕೆಲಸವಾಯಿತು.

ಕಿರುಕುಳದ ಕಾಲದಲ್ಲಿ ಈ ಕೆಲಸ ಒಂದು ರೀತಿಯಲ್ಲಿ ಸರಳವಾಗಿತ್ತು, ಏಕೆಂದರೆ ಕತ್ತಿ ಬೇರೆಯವರ ಕೈಯಲ್ಲಿತ್ತು. 303ರಲ್ಲಿ ಡಯೊಕ್ಲೀಷಿಯನ್ ಆರಂಭಿಸಿದ ಹಿಂಸೆಯ ನಂತರ ಕಾಲ ತಿರುಗಿತು. 311ರಲ್ಲಿ ಗಲೇರಿಯಸ್ ಕ್ರೈಸ್ತರಿಗೆ ಬದುಕುವ ಹಕ್ಕು ಕೊಟ್ಟ. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸೀನಿಯಸ್ ಅದನ್ನು ಪೂರ್ಣ ಸ್ವಾತಂತ್ರ್ಯವಾಗಿ ವಿಸ್ತರಿಸಿದರು. 325ರಲ್ಲಿ ನೈಸೀಯ ಮಹಾಸಭೆಗೆ ಬಂದ ಧರ್ಮಾಧ್ಯಕ್ಷರು ಅರಮನೆಯಲ್ಲಿ ಚಕ್ರವರ್ತಿಯ ಪಂಕ್ತಿಯಲ್ಲಿ ಊಟ ಮಾಡಿದರು. 336ರಲ್ಲಿ ಸೆಸರೇಯದ ಯುಸೇಬಿಯಸ್ ರಾಜಸಭೆಯಲ್ಲಿ ನಿಂತು, ಸ್ವರ್ಗದ ಒಬ್ಬ ಒಡೆಯನ ಪ್ರತಿಬಿಂಬವೇ ಭೂಮಿಯ ಈ ಒಬ್ಬ ಒಡೆಯ ಎಂದು ಕಾನ್‌ಸ್ಟಂಟೈನನನ್ನು ಕೊಂಡಾಡಿದ. ಹಳೆಯ ರಾಜಾರಾಧನೆ ಹೊಸ ವೇಷ ತೊಟ್ಟು ಹಿಂಬಾಗಿಲಿನಿಂದ ಒಳಬರುವ ಅಪಾಯ ಆ ಹೊಗಳಿಕೆಯಲ್ಲಿತ್ತು. ಅಪಾಯ ಬೇಗನೆ ನಿಜವಾಯಿತು. ಕಾನ್‌ಸ್ಟಂಟೈನನ ಮಗ ಕಾನ್‌ಸ್ಟಾನ್ಷಿಯಸ್ 355ರಲ್ಲಿ ಮಿಲಾನಿನಲ್ಲಿ ಸಭೆ ಕರೆದು, ತನ್ನ ಮಾತಿಗೆ ಒಪ್ಪದ ಧರ್ಮಾಧ್ಯಕ್ಷರನ್ನು ಗಡೀಪಾರು ಮಾಡಿದ. ದೇವರು ನಿನಗೆ ರಾಜ್ಯ ಕೊಟ್ಟ, ಚರ್ಚಿನ ವಿಷಯ ನಮಗೆ ಒಪ್ಪಿಸಿದ, ನಮ್ಮದರಲ್ಲಿ ಕೈಹಾಕಬೇಡ ಎಂದು ಕೊರ್ದೊಬದ ಮುದಿ ಧರ್ಮಾಧ್ಯಕ್ಷ ಹೋಸಿಯಸ್ ಅವನಿಗೆ ಕಾಗದ ಬರೆದ.

ಇಬ್ಬರು ರೋಮನ್ನರು

ಥಿಯೊಡೋಸಿಯಸ್ ಸ್ಪೇನಿನವನು, 347ರಲ್ಲಿ ಹುಟ್ಟಿದವನು. ಅವನ ತಂದೆ ಹೆಸರಾಂತ ಸೇನಾಪತಿಯಾಗಿದ್ದೂ 376ರಲ್ಲಿ ಕಾರ್ತೇಜಿನಲ್ಲಿ ಶಿರಚ್ಛೇದಕ್ಕೆ ಗುರಿಯಾದ. ಅಧಿಕಾರದ ಸಿಟ್ಟು ಏನು ಮಾಡಬಲ್ಲದೆಂದು ಮಗನಿಗೆ ತನ್ನ ಮನೆಯಲ್ಲೇ ಗೊತ್ತಾಗಿತ್ತು. 378ರಲ್ಲಿ ಆಡ್ರಿಯನೋಪಲ್ ಕಾಳಗದಲ್ಲಿ ಗಾಥರು ರೋಮ್ ಸೇನೆಯನ್ನು ಪುಡಿಗಟ್ಟಿ ಚಕ್ರವರ್ತಿ ವೇಲೆನ್ಸ್‌ನನ್ನು ಕೊಂದಾಗ, 379ರ ಜನವರಿಯಲ್ಲಿ ಪೂರ್ವದ ಸಿಂಹಾಸನ ಥಿಯೊಡೋಸಿಯಸ್‌ಗೆ ಬಂತು. ಆಳ್ವಿಕೆಯ ಮೊದಲ ದಿನಗಳಲ್ಲಿ ಅವನ ನೆಲೆ ಥೆಸಲೋನಿಕ. 380ರಲ್ಲಿ ಸಾವಿನಂಚಿಗೆ ಹೋದ ಕಾಯಿಲೆಯಲ್ಲಿ ಅವನು ದೀಕ್ಷಾಸ್ನಾನ ಪಡೆದದ್ದೂ ಅದೇ ಊರಿನ ಧರ್ಮಾಧ್ಯಕ್ಷ ಅಸ್ಕೋಲಿಯಸ್‌ನ ಕೈಯಿಂದ. ತನ್ನ ಹೊಸ ಜನ್ಮದ ಊರನ್ನೇ ಹತ್ತು ವರ್ಷದ ಬಳಿಕ ಅವನು ಕತ್ತಿಗೆ ಕೊಟ್ಟ.

ಅವನನ್ನು ಪಾಪಿ ಎಂದ ಧರ್ಮಾಧ್ಯಕ್ಷ ಅಂಬ್ರೋಸ್ ಕೂಡ ಆಳುವ ವರ್ಗದವನೇ. ತಂದೆ ಗಾಲ್ ಸೀಮೆಯ ಉನ್ನತಾಧಿಕಾರಿ, ತಾನು ಮಿಲಾನಿನಿಂದ ಆಡಳಿತ ನಡೆಸುತ್ತಿದ್ದ ರಾಜ್ಯಪಾಲ. 374ರಲ್ಲಿ ಅಲ್ಲಿನ ಧರ್ಮಾಧ್ಯಕ್ಷ ತೀರಿಕೊಂಡಾಗ ಎರಡು ಪಂಗಡಗಳು ಹೊಡೆದಾಟಕ್ಕೆ ನಿಂತವು. ಸಮಾಧಾನಪಡಿಸಲು ಚರ್ಚಿಗೆ ಹೋದ ಅಂಬ್ರೋಸ್‌ನನ್ನೇ ಜನ ತಮ್ಮ ಧರ್ಮಾಧ್ಯಕ್ಷನೆಂದು ಕೂಗಿದರು. ಆಗ ಅವನಿಗೆ ದೀಕ್ಷಾಸ್ನಾನವೂ ಆಗಿರಲಿಲ್ಲ. ಸುಮಾರು ಒಂದು ವಾರದೊಳಗೆ ದೀಕ್ಷೆಯೂ ಪಟ್ಟವೂ ಆಯಿತು. ಅರಮನೆಯ ಭಾಷೆ, ಕಾನೂನಿನ ಮಟ್ಟು, ಅಧಿಕಾರಿಗಳ ಅಂಜಿಕೆ ಎಲ್ಲವನ್ನೂ ಒಳಗಿನಿಂದ ಬಲ್ಲ ಈ ಮನುಷ್ಯ, ಮುಂದಿನ ಇಪ್ಪತ್ತೆರಡು ವರ್ಷ ಅರಮನೆಯ ಪಕ್ಕದಲ್ಲೇ ಅದಕ್ಕೆ ಎದುರಾಡುತ್ತಾ ಬಾಳಿದ.

386ರಲ್ಲಿ ಬಾಲಚಕ್ರವರ್ತಿ ಎರಡನೆಯ ವೇಲೆಂಟಿನಿಯನ್‌ನ ತಾಯಿ ಜಸ್ಟೀನ ತನ್ನ ಪಂಗಡದ ಪೂಜೆಗೆ ನಗರದ ಒಂದು ಚರ್ಚನ್ನು ಬಿಟ್ಟುಕೊಡುವಂತೆ ಕೇಳಿದಳು. ಅಂಬ್ರೋಸ್ ನಿರಾಕರಿಸಿದ. ಸೈನಿಕರು ಸುತ್ತುವರಿದಾಗ ಜನ ರಾತ್ರಿ ಹಗಲು ಚರ್ಚಿನೊಳಗೇ ಉಳಿದು ಕೀರ್ತನೆ ಹಾಡಿದರು. ಹಾಡಿದವರಲ್ಲಿ ತನ್ನ ತಾಯಿ ಮೋನಿಕಳೂ ಇದ್ದಳೆಂದು, ಮುಂದೆ ಹೆಸರಾಂತ ಕ್ರೈಸ್ತ ಚಿಂತಕನಾದ ಆಗಸ್ಟೀನ್ ಬರೆದಿದ್ದಾನೆ. ಚಕ್ರವರ್ತಿ ಚರ್ಚಿನ ಒಳಗಿನವನು, ಅದರ ಮೇಲಿನವನಲ್ಲ ಎಂದು ಅಂಬ್ರೋಸ್ ಸಾರಿದ್ದು ಆ ದಿನಗಳಲ್ಲಿಯೇ. ಅರಮನೆ ಹಿಂದೆ ಸರಿಯಿತು. ಮೈಯಲ್ಲಿ ನಂಬಿಕೆಯಲ್ಲದೆ ಬೇರೆ ಕವಚವಿಲ್ಲದ ಸಾಮಾನ್ಯರು ಸೈನ್ಯವನ್ನು ತಡೆದ ಆ ರಾತ್ರಿಗಳು ಕ್ರೈಸ್ತ ಇತಿಹಾಸದ ಹೆಮ್ಮೆಯ ರಾತ್ರಿಗಳು.

ಆದರೆ ಅದೇ ಅಂಬ್ರೋಸ್‌ನ ಬದುಕಿನಲ್ಲಿ ಇನ್ನೊಂದು ಪುಟವಿದೆ. 388ರಲ್ಲಿ ಯೂಫ್ರೆಟಿಸ್ ನದಿಯ ದಡದ ಕಲ್ಲಿನಿಕಂ ಊರಿನಲ್ಲಿ, ಅಂದರೆ ಇಂದಿನ ಸಿರಿಯದ ರಕ್ಕಾದಲ್ಲಿ, ಸ್ಥಳೀಯ ಧರ್ಮಾಧ್ಯಕ್ಷನ ಪ್ರಚೋದನೆಯಿಂದ ಕ್ರೈಸ್ತರ ಗುಂಪು ಯೆಹೂದ್ಯರ ಪ್ರಾರ್ಥನಾ ಮಂದಿರವನ್ನು ಸುಟ್ಟುಹಾಕಿತು. ಥಿಯೊಡೋಸಿಯಸ್ ನ್ಯಾಯವಂತ ಅರಸ ಮಾಡಬೇಕಾದದ್ದನ್ನೇ ಮಾಡಿದ: ತಪ್ಪಿತಸ್ಥರಿಗೆ ಶಿಕ್ಷೆ, ಆ ಧರ್ಮಾಧ್ಯಕ್ಷನ ಖರ್ಚಿನಲ್ಲಿ ಮಂದಿರದ ಮರುನಿರ್ಮಾಣ. ಅಂಬ್ರೋಸ್ ಕೆರಳಿದ. ಮೊದಲು ಪತ್ರ ಬರೆದ, ಆಮೇಲೆ ಮಿಲಾನಿನ ಚರ್ಚಿನಲ್ಲಿ ಎಲ್ಲರೆದುರು ಚಕ್ರವರ್ತಿಯನ್ನು ನಿಲ್ಲಿಸಿ, ಆಜ್ಞೆ ರದ್ದಾಗುವ ಮಾತು ಕೊಡುವವರೆಗೆ ಬಲಿಪೀಠಕ್ಕೆ ಹೋಗುವುದಿಲ್ಲ ಎಂದ. ಥಿಯೊಡೋಸಿಯಸ್ ಮಣಿದ. ಸುಟ್ಟವರು ಶಿಕ್ಷೆಯಿಲ್ಲದೆ ಪಾರಾದರು. ಅಂಬ್ರೋಸ್ ಇದನ್ನು ತನ್ನ ಅಕ್ಕ ಮಾರ್ಸೆಲ್ಲಿನಳಿಗೆ ಗೆಲುವಿನ ಸುದ್ದಿಯಾಗಿ ಬರೆದ. ಅದು ಗೆಲುವಲ್ಲ. ದೇವರ ಹೆಸರಿನ ಅಧಿಕಾರ ಅಂದು ಅನ್ಯಾಯದ ಪಕ್ಕ ನಿಂತಿತು. ಎರಡು ವರ್ಷದ ನಂತರ ನಡೆದದ್ದನ್ನು ಮೆಚ್ಚುವ ಯಾರೂ ಈ ಪುಟವನ್ನು ಹರಿದುಹಾಕಿ ಮುಂದೆ ಹೋಗಬಾರದು.

ಒಂದು ಗುಟ್ಟಿನ ಪತ್ರ

ಥೆಸಲೋನಿಕದ ಸುದ್ದಿ ಬಂದಾಗ ಮಿಲಾನಿನಲ್ಲಿ ಗಾಲ್ ಸೀಮೆಯ ಧರ್ಮಾಧ್ಯಕ್ಷರ ಸಭೆ ಸೇರಿತ್ತು. ಕೇಳಿದವರೆಲ್ಲ ನಿಟ್ಟುಸಿರಿಟ್ಟರು, ಯಾರೂ ಹಗುರವಾಗಿ ತೆಗೆದುಕೊಳ್ಳಲಿಲ್ಲ. ಅಂಬ್ರೋಸ್ ಕೂಡಲೇ ಚಕ್ರವರ್ತಿಯ ಎದುರಿಗೆ ಹೋಗಲಿಲ್ಲ. ಅನಾರೋಗ್ಯದ ಕಾರಣ ಹೇಳಿ ನಗರದಿಂದ ಹೊರಗೆ ಹೋಗಿ, ಅಲ್ಲಿಂದ ಪತ್ರ ಬರೆದ. ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು ಅದನ್ನು ತನ್ನ ಕೈಯಾರೆ ಬರೆದ.

ಪತ್ರ ಇಂದಿಗೂ ಉಳಿದಿದೆ. ಅದರಲ್ಲಿ ಬೆದರಿಕೆಗಿಂತ ನೋವು ಹೆಚ್ಚು. ನಿನ್ನ ಸ್ವಭಾವದಲ್ಲಿ ಉರಿಯಿದೆ, ಯಾರಾದರೂ ತಣಿಸಿದರೆ ಅದು ಕರುಣೆಯಾಗುತ್ತದೆ, ಕೆರಳಿಸಿದರೆ ತಡೆಯಲಾಗದು ಎಂದು ಅಂಬ್ರೋಸ್ ನೇರವಾಗಿ ಹೇಳುತ್ತಾನೆ. ಮೂರು ವರ್ಷದ ಹಿಂದೆ, 387ರಲ್ಲಿ, ಆ ಕರುಣೆಯನ್ನು ಲೋಕ ಕಂಡಿತ್ತು. ಹೊಸ ತೆರಿಗೆಯ ಸಿಟ್ಟಿನಲ್ಲಿ ಅಂತಿಯೋಕ್ಯದ ಜನ ರಾಜಕುಟುಂಬದ ಪ್ರತಿಮೆಗಳನ್ನು, ತೀರಿಹೋದ ರಾಣಿ ಫ್ಲಾಕ್ಕಿಲ್ಲಳದನ್ನೂ ಸೇರಿಸಿ, ಉರುಳಿಸಿದಾಗ, ಮುದಿ ಧರ್ಮಾಧ್ಯಕ್ಷ ಫ್ಲೇವಿಯನ್ ಚಳಿಯಲ್ಲಿ ಕಾನ್‌ಸ್ಟಾಂಟಿನೋಪಲ್‌ವರೆಗೆ ಹೋಗಿ ಬೇಡಿಕೊಂಡಿದ್ದ. ಥಿಯೊಡೋಸಿಯಸ್ ಕ್ಷಮಿಸಿದ್ದ. ಥೆಸಲೋನಿಕಕ್ಕೆ ಅಂಥ ಒಂದು ಮಾತಿನ ಅವಕಾಶವೂ ಸಿಗಲಿಲ್ಲ.

ಪತ್ರದ ನಡುವೆ ಬರುವವನು ದಾವೀದ. ಅರಸನಾಗಿದ್ದೂ ತಪ್ಪೊಪ್ಪಿಕೊಂಡವನು, ಒಪ್ಪಿಕೊಂಡದ್ದರಿಂದ ಸಣ್ಣವನಾಗದವನು. ನೀನು ಮನುಷ್ಯ, ನಿನಗೂ ಶೋಧನೆ ಬಂತು, ಅದನ್ನು ಗೆಲ್ಲು ಎನ್ನುತ್ತಾನೆ ಅಂಬ್ರೋಸ್. ಪಾಪ ಕಳೆಯುವುದು ಕಣ್ಣೀರಿನಿಂದ, ಪಶ್ಚಾತ್ತಾಪದಿಂದ. ಬೇರೆ ದಾರಿಯಿಲ್ಲ. ಕೊನೆಗೆ ತನ್ನ ನಿಲುವು: ನೀನು ಬಂದು ನಿಂತರೆ ನಾನು ಬಲಿಪೂಜೆ ಅರ್ಪಿಸಲಾರೆ. ಒಬ್ಬ ನಿರಪರಾಧಿಯ ರಕ್ತಕ್ಕೇ ಇದು ಸಲ್ಲದಿದ್ದರೆ ಇಷ್ಟು ಜನರ ರಕ್ತಕ್ಕೆ ಹೇಗೆ ಸಲ್ಲುತ್ತದೆ?

ಇಲ್ಲಿ ಕ್ರೈಸ್ತ ರಾಜನೀತಿಯ ತಿರುಳಿದೆ. ಅಂಬ್ರೋಸ್ ಥಿಯೊಡೋಸಿಯಸ್‌ನನ್ನು ಸಿಂಹಾಸನದಿಂದ ಇಳಿ ಎನ್ನಲಿಲ್ಲ. ಬೇರೊಬ್ಬನನ್ನು ಅರಸನಾಗಿ ಎತ್ತಿ ಕಟ್ಟಲಿಲ್ಲ, ಸೈನ್ಯವನ್ನು ದಂಗೆಗೆ ಕರೆಯಲಿಲ್ಲ. ರಾಜ್ಯ ಅವನದೇ ಇರಲಿ, ಆದರೆ ದೇವರ ಮುಂದೆ ಅವನು ಥೆಸಲೋನಿಕದ ಕೂಲಿಯವನಷ್ಟೇ ಹೊಣೆಗಾರ ಎಂದ. ಕೊಲೆ ಮಾಡಿದ ಸಾಮಾನ್ಯನಿಗೆ ಯಾವ ಪ್ರಾಯಶ್ಚಿತ್ತವೋ ಚಕ್ರವರ್ತಿಗೂ ಅದೇ.

ಆ ಕಾಲದ ಪ್ರಾಯಶ್ಚಿತ್ತ ಗುಟ್ಟಾಗಿ ಮುಗಿಯುವಂಥದ್ದಲ್ಲ. ತಪ್ಪಿತಸ್ಥರು ಚರ್ಚಿನಲ್ಲಿ ಬೇರೆಯಾಗಿ ನಿಲ್ಲಬೇಕು, ಪರಮಪ್ರಸಾದದಿಂದ ದೂರವಿರಬೇಕು, ಊರೆಲ್ಲ ನೋಡುತ್ತಿರಲು ಶೋಕ ಪಡಬೇಕು. ಥಿಯೊಡೋಸಿಯಸ್ ಒಪ್ಪಿದ. ರಾಜಲಾಂಛನಗಳನ್ನು ತೆಗೆದಿಟ್ಟು ಚರ್ಚಿನಲ್ಲಿ ಎಲ್ಲರೆದುರು ಅತ್ತ. ಚಕ್ರವರ್ತಿ ನೆಲಕ್ಕೆ ಬಿದ್ದದ್ದನ್ನು ಕಂಡು ಅವನಿಗಾಗಿ ಪ್ರಾರ್ಥಿಸುತ್ತಿದ್ದ ಜನರೂ ಅತ್ತರು ಎಂದು ಆಗಸ್ಟೀನ್ ಮುಂದೆ ಬರೆದ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಅವನನ್ನು ಮತ್ತೆ ಪರಮಪ್ರಸಾದಕ್ಕೆ ಸೇರಿಸಿಕೊಂಡರೆಂಬುದು ಸಾಮಾನ್ಯ ಎಣಿಕೆ.

ಪಶ್ಚಾತ್ತಾಪ ಕಣ್ಣೀರಿನಲ್ಲೇ ನಿಲ್ಲದೆ ಕಾನೂನಿಗೂ ಇಳಿಯಿತು ಎನ್ನುತ್ತದೆ ಚರ್ಚಿನ ಪರಂಪರೆ. ಚಕ್ರವರ್ತಿ ಯಾರಿಗಾದರೂ ವಾಡಿಕೆಗಿಂತ ಕಠಿಣವಾದ ಶಿಕ್ಷೆ ವಿಧಿಸಿದರೆ 30 ದಿನ ಅದನ್ನು ಜಾರಿ ಮಾಡಬಾರದು ಎಂಬ ಕಟ್ಟಳೆ ಥಿಯೊಡೋಸಿಯಸ್ ಸಂಹಿತೆಯಲ್ಲಿದೆ. ಅಲ್ಲಿ ಅದಕ್ಕೆ 382ರ ದಿನಾಂಕವಿದ್ದರೂ ಅದು 390ರದ್ದೆಂದು ಹಲವು ವಿದ್ವಾಂಸರು ಎಣಿಸುತ್ತಾರೆ. ತನ್ನ ಸಿಟ್ಟನ್ನು ತಾನೇ ನಂಬದ ಅರಸ, ಆ ಸಿಟ್ಟಿಗೂ ಕತ್ತಿಗೂ ನಡುವೆ ಒಂದು ತಿಂಗಳ ಅಂತರ ಇಟ್ಟ.

ಕಥೆ ಬೆಳೆದ ಬಗೆ

395ರ ಜನವರಿ 17ರಂದು ಥಿಯೊಡೋಸಿಯಸ್ ಮಿಲಾನಿನಲ್ಲಿ ತೀರಿಕೊಂಡ. ನಲವತ್ತನೆಯ ದಿನ ಶ್ರದ್ಧಾಂಜಲಿ ಭಾಷಣ ಮಾಡಿದವನು ಅಂಬ್ರೋಸ್. ಗೆದ್ದ ಯುದ್ಧಗಳಿಗಿಂತ ಅವನು ಎತ್ತಿ ಹೇಳಿದ್ದು ಆ ಕಣ್ಣೀರನ್ನು. ಸಾಮಾನ್ಯರೂ ನಾಚುವ ಕೆಲಸಕ್ಕೆ ಚಕ್ರವರ್ತಿ ನಾಚಲಿಲ್ಲ, ಆಮೇಲೆ ಒಂದು ದಿನವೂ ಆ ತಪ್ಪನ್ನು ನೆನೆದು ಕೊರಗದೆ ಇರಲಿಲ್ಲ ಎಂದ. ನಾನು ಆ ಮನುಷ್ಯನನ್ನು ಪ್ರೀತಿಸಿದೆ ಎಂದು ಅಳುತ್ತಾ ನುಡಿದ.

ಮುಂದಿನವರಿಗೆ ಗುಟ್ಟಿನ ಪತ್ರ ಸಾಲಲಿಲ್ಲ. ಥಿಯೊಡೊರೆಟ್‌ನ ಬರಹದಲ್ಲಿ ಅಂಬ್ರೋಸ್ ಚರ್ಚಿನ ಬಾಗಿಲಲ್ಲೇ ನಿಂತು ಚಕ್ರವರ್ತಿಯನ್ನು ತಡೆಯುತ್ತಾನೆ. ಹದಿನೇಳನೆಯ ಶತಮಾನದಲ್ಲಿ ರೂಬೆನ್ಸ್ ಮತ್ತು ವ್ಯಾನ್ ಡೈಕ್ ಬಣ್ಣದಲ್ಲಿ ಮೂಡಿಸಿದ್ದು ಆ ನಾಟಕೀಯ ದೃಶ್ಯವನ್ನೇ. 494ರಲ್ಲಿ ಪೋಪ್ ಗೆಲೇಷಿಯಸ್ ಚಕ್ರವರ್ತಿ ಅನಸ್ತಾಸಿಯಸ್‌ಗೆ ಪತ್ರ ಬರೆದು, ಲೋಕವನ್ನು ನಡೆಸುವ ಶಕ್ತಿಗಳು ಎರಡು, ಒಂದು ಗುರುಗಳದು, ಇನ್ನೊಂದು ಅರಸರದು ಎಂದು ಗೆರೆ ಎಳೆದ. 1077ರ ಜನವರಿಯಲ್ಲಿ ಜರ್ಮನಿಯ ಅರಸ ನಾಲ್ಕನೆಯ ಹೆನ್ರಿ ಕನೊಸ್ಸ ಕೋಟೆಯ ಹಿಮದಲ್ಲಿ ಮೂರು ದಿನ ಪೋಪ್ ಏಳನೆಯ ಗ್ರೆಗರಿಯ ಕ್ಷಮೆಗೆ ಕಾದ. ಅರಸರನ್ನು ಪದಚ್ಯುತಗೊಳಿಸುವ ತನ್ನ ಹಕ್ಕಿಗೆ 1081ರಲ್ಲಿ ಗ್ರೆಗರಿ ಕೊಟ್ಟ ಸಾಕ್ಷ್ಯಗಳಲ್ಲಿ ಅಂಬ್ರೋಸ್‌ನ ಕಥೆಯೂ ಒಂದು. ಅಂಬ್ರೋಸ್ ಕೇಳಿದ್ದು ಪಶ್ಚಾತ್ತಾಪವನ್ನು, ಗ್ರೆಗರಿ ಕೇಳಿದ್ದು ಕಿರೀಟವನ್ನು. ಆತ್ಮದ ಅಧಿಕಾರ ಲೋಕದ ಅಧಿಕಾರಕ್ಕೆ ಆಸೆಪಟ್ಟ ಕೂಡಲೇ ಅದೂ ಮತ್ತೊಂದು ಅರಸೊತ್ತಿಗೆಯಾಯಿತು. 1084ರಲ್ಲಿ ಹೆನ್ರಿ ರೋಮನ್ನು ಹಿಡಿದ. ಗ್ರೆಗರಿ ಮರುವರ್ಷ ಸಲೆರ್ನೊದಲ್ಲಿ ದೇಶಭ್ರಷ್ಟನಾಗಿ ಸತ್ತ.

ಮಿಲಾನಿನ ಆ ಘಟನೆಯಿಂದ ಸರಿಯಾದ ಪಾಠ ಕಲಿತವನು ಆಗಸ್ಟೀನ್. ನ್ಯಾಯವಿಲ್ಲದ ರಾಜ್ಯ ದೊಡ್ಡ ದರೋಡೆಯೇ ಸರಿ ಎಂದು ಅವನು ವಾದಿಸಿದ. ಹೆಚ್ಚು ಕಾಲ ಆಳಿದವನನ್ನೋ ಹೆಚ್ಚು ಶತ್ರುಗಳನ್ನು ಗೆದ್ದವನನ್ನೋ ಅವನು ಸುಖಿ ಅರಸನೆನ್ನಲಿಲ್ಲ. ನ್ಯಾಯವಾಗಿ ಆಳಿದವನು, ತಾನು ಮನುಷ್ಯನೆಂಬುದನ್ನು ಹೊಗಳಿಕೆಯ ನಡುವೆಯೂ ಮರೆಯದವನು ಅವನ ಪಾಲಿಗೆ ಸುಖಿ. ಥಿಯೊಡೋಸಿಯಸ್‌ನಲ್ಲಿ ಅವನು ಮೆಚ್ಚಿದ್ದು ಮುಖ್ಯವಾಗಿ ಆ ವಿನಯವನ್ನು. ಕರ್ನಾಟಕದ ಕಥೋಲಿಕ ಚರ್ಚುಗಳಲ್ಲೂ ನಡೆಯುವ ಕ್ರಿಸ್ತರಾಜರ ಹಬ್ಬ ಇದೇ ಎಳೆಯದು. ಮುಸೊಲಿನಿ ಇಟಲಿಯನ್ನು ಹಿಡಿತಕ್ಕೆ ತೆಗೆದುಕೊಳ್ಳುತ್ತಿದ್ದ 1925ರಲ್ಲಿ ಪೋಪ್ ಹನ್ನೊಂದನೆಯ ಪಿಯುಸ್ ಅದನ್ನು ಸ್ಥಾಪಿಸಿದ. ಯಾವ ನಾಯಕನೂ ಕೊನೆಯ ಒಡೆಯನಲ್ಲ ಎಂದು ಆ ಹಬ್ಬ ವರ್ಷವರ್ಷವೂ ನೆನಪಿಸುತ್ತದೆ.

ಹಾಗೆಂದು ಪ್ರಾಯಶ್ಚಿತ್ತದ ನಂತರ ಥಿಯೊಡೋಸಿಯಸ್ ಎಲ್ಲರಿಗೂ ಕರುಣಾಳುವಾದನೆನ್ನಲಾಗದು. 391 ಮತ್ತು 392ರಲ್ಲಿ ಅವನು ಹಳೆಯ ರೋಮನ್ ದೇವತೆಗಳ ಬಲಿಯನ್ನೂ ಗುಡಿಗಳ ಪೂಜೆಯನ್ನೂ, ಕೊನೆಗೆ ಮನೆಯೊಳಗಿನ ಪೂಜೆಯನ್ನೂ ನಿಷೇಧಿಸಿದ. ಒಂದು ಕಾಲದಲ್ಲಿ ಧೂಪ ಹಾಕಲು ಒಲ್ಲದೆ ಸತ್ತವರ ಮಕ್ಕಳು ಈಗ ಧೂಪ ಹಾಕುವವರನ್ನು ಶಿಕ್ಷಿಸತೊಡಗಿದರು. ಇದನ್ನು ಆ ನಂಬಿಕೆಯನ್ನು ಪ್ರೀತಿಸುವವರೇ ಮೊದಲು ಹೇಳಬೇಕು. ಆದರೆ 393ರಲ್ಲಿ ಅದೇ ಚಕ್ರವರ್ತಿ ಪೂರ್ವ ಪ್ರಾಂತ್ಯಗಳ ಸೇನಾಧಿಕಾರಿಗೆ ಇನ್ನೊಂದು ಆಜ್ಞೆ ಕಳಿಸಿದ. ಯೆಹೂದ್ಯರ ಮತವನ್ನು ಯಾವ ಕಾನೂನೂ ನಿಷೇಧಿಸಿಲ್ಲ. ಕ್ರೈಸ್ತ ಧರ್ಮದ ಹೆಸರಿನಲ್ಲಿ ಅವರ ಮಂದಿರಗಳನ್ನು ಕೆಡವುವವರನ್ನು, ಲೂಟಿ ಮಾಡುವವರನ್ನು ತಕ್ಕಷ್ಟು ಕಠಿಣವಾಗಿ ತಡೆಯಬೇಕು. ಕಲ್ಲಿನಿಕಂ ವಿಷಯದಲ್ಲಿ ಧರ್ಮಾಧ್ಯಕ್ಷ ಬಾಯಿ ಕಟ್ಟಿಸಿದ ನ್ಯಾಯವನ್ನು ಅರಸ ಐದು ವರ್ಷದ ಬಳಿಕ ಕಾನೂನಿನ ಬಾಯಿಂದ ನುಡಿಸಿದ.

390ರಲ್ಲಿ ಅಂಬ್ರೋಸ್ ಸರಿ, ಥಿಯೊಡೋಸಿಯಸ್ ತಪ್ಪು. 388ರಲ್ಲಿ ಥಿಯೊಡೋಸಿಯಸ್ ಸರಿ, ಅಂಬ್ರೋಸ್ ತಪ್ಪು. ಪಿಲಾತನಿಗೆ ಯೇಸು ನೆನಪಿಸಿದ ಮಾತು ಕಿರೀಟಕ್ಕೂ ಸಲ್ಲುತ್ತದೆ, ಧರ್ಮಪೀಠಕ್ಕೂ ಸಲ್ಲುತ್ತದೆ: ಕೈಯಲ್ಲಿರುವ ಅಧಿಕಾರ ಸ್ವಂತದ್ದಲ್ಲ, ಕೊಟ್ಟವನಿಗೆ ಅದರ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕದಲ್ಲಿ ಮೊದಲು ಕೇಳಿಬರುವುದು ಥೆಸಲೋನಿಕದಲ್ಲಿ ಹತರಾದವರ ಹೆಸರು, ಕಲ್ಲಿನಿಕಂನಲ್ಲಿ ಪ್ರಾರ್ಥನೆಯ ಮನೆ ಕಳೆದುಕೊಂಡವರ ಹೆಸರು. ಅವರಿಗೆ ಉತ್ತರ ಕೊಡಬಲ್ಲವನು ಮಾತ್ರ ಕ್ರೈಸ್ತರ ಅರ್ಥದಲ್ಲಿ ಅರಸ.